ಹುಳಿ ಬಳಸುವ ಮನೆಗೆ ಕಟ್ಟೆಕಲ್ಲು: ಕಡಪಾನೋ, ಕರಿ ಗ್ರಾನೈಟೋ?

ಶಿರಸಿ ಕಡೆಯ ಅಡುಗೆಮನೆಗೆ ಕರಿ ಗ್ರಾನೈಟೇ ಸರಿ. ಕಡಪಾ ಅಗ್ಗ, ನೋಡಲಿಕ್ಕೂ ಚೆಂದ. ಬಳಕೆಗೆ ಬಿದ್ದ ಮೇಲೆ ಅದರ ತಕರಾರು ಒಂದೇ: ಹುಳಿ.

ಕಡಪಾ ಎಂದರೆ ಸುಣ್ಣಕಲ್ಲು. ಅದರ ಮುಖ್ಯ ಖನಿಜ ಕ್ಯಾಲ್ಸೈಟ್. ನಿಂಬೆಹೋಳು ಬೋರಲು ಬಿದ್ದಿರಲಿ, ಮುರುಗಲು (ಕೋಕಂ) ಕಿವುಚಿದ ನೀರು ಚೆಲ್ಲಲಿ, ಅಪ್ಪೆಹುಳಿ ಪಾತ್ರೆಯ ತಳ ಒದ್ದೆಯಿರಲಿ, ಆಮ್ಲ ಕ್ಯಾಲ್ಸೈಟನ್ನು ಕರಗಿಸುತ್ತದೆ. ಹತ್ತು ನಿಮಿಷ ಬಿಟ್ಟು ಒರೆಸಿದರೆ ಪಾತ್ರೆಯ ತಳದಷ್ಟೇ ಅಗಲದ ಬೂದುಬಣ್ಣದ ಬಳೆ.

ಅದು ಕಲೆಯಲ್ಲ, ಪಾಲಿಶ್ ತಿಂದುಹೋದ ಜಾಗ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದು. ತೆಂಗಿನೆಣ್ಣೆ ಸವರಿದರೆ ಮಾಯವಾದಂತೆ ಕಾಣುತ್ತದೆ. ನಾಲ್ಕು ಸಲ ತೊಳೆದರೆ ಮತ್ತೆ ಹಾಜರು. ವಾಟರ್ ಪೇಪರನ್ನು (ನೀರಿನಲ್ಲಿ ಬಳಸುವ ಉಜ್ಜುಕಾಗದ) ಒದ್ದೆಮಾಡಿ 220, 400, 800 ನಂಬರಿನ ಕ್ರಮದಲ್ಲಿ ಉಜ್ಜಬಹುದು. ಬಳೆಯಿದ್ದಲ್ಲಿ ಮಾತ್ರ ಉಜ್ಜಿದರೆ ಅಲ್ಲೊಂದು ಮಂಕು ಮಚ್ಚೆ ಏಳುತ್ತದೆ, ಹಾಗಾಗಿ ಇಡೀ ಹಲಗೆಯನ್ನೇ ಉಜ್ಜಬೇಕು. ಮುಂದಿನ ಮುರುಗಲ ಹಂಗಾಮಿಗೆ ಮತ್ತೆ ಅದೇ ಪಾಡು.

ಮಾರ್ಬಲ್ಲೂ ಕ್ಯಾಲ್ಸೈಟೇ, ಜೊತೆಗೆ ಅರಿಶಿನವನ್ನೂ ಹೀರುತ್ತದೆ. ಕಟ್ಟೆಗೆ ಬೇಡವೇ ಬೇಡ.

ಅಂಗಡಿಯವರು ಕರಿ ಗ್ರಾನೈಟ್ ಎನ್ನುವುದು ಹೆಚ್ಚಾಗಿ ಡಾಲರೈಟ್ ಅಥವಾ ಗ್ಯಾಬ್ರೋ ಎಂಬ ಅಗ್ನಿಶಿಲೆ. ಅದರಲ್ಲಿರುವ ಫೆಲ್ಡ್‌ಸ್ಪಾರ್, ಪೈರಾಕ್ಸೀನ್ ಖನಿಜಗಳಿಗೆ ನಿಂಬೆರಸ ಏನೂ ಮಾಡದು. ಖನಿಜಗಳ ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಫೆಲ್ಡ್‌ಸ್ಪಾರಿನ ಗಡಸು 6, ಕ್ಯಾಲ್ಸೈಟಿನದು 3. ಈಳಿಗೆಮಣೆ ಎಳೆದಾಡಿದರೆ ಯಾವುದಕ್ಕೆ ಗೀರು ಬೀಳುತ್ತದೆಂದು ಬೇರೆ ಹೇಳಬೇಕಿಲ್ಲ.

ಇದರಲ್ಲೂ ಮೋಸವುಂಟು: ಬೂದುಗಲ್ಲಿಗೆ ಕಪ್ಪು ಬಣ್ಣ ಹತ್ತಿಸಿ ಮಾರುತ್ತಾರೆ. ಬಿಳಿಬಟ್ಟೆಗೆ ಅಸಿಟೋನ್ ಹಾಕಿ ಮೇಲ್ಮೈ ಒರೆಸಿ. ಬಟ್ಟೆಗೆ ಕಪ್ಪು ಹತ್ತಿದರೆ ಬಿಟ್ಟುಬಿಡಿ. ಹತ್ತದಿದ್ದರೆ ಒಂದು ತುಂಡು ಕೇಳಿ ತಂದು ಅರ್ಧ ಗಂಟೆ ನಿಂಬೆಹೋಳು ಇಟ್ಟು, ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹೊಳಪು ಕುಂದಿರಬಾರದು.

ಸಿಂಕಿನ ಸುತ್ತ ಬಿಳಿ ಸಿಮೆಂಟ್ ತುಂಬಿಸಬೇಡಿ, ಅದನ್ನೂ ಹುಳಿ ತಿನ್ನುತ್ತದೆ, ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಹಾಕಿಸಿ.

ದುಡ್ಡು ಬಿಗಿಯಿದ್ದರೆ ಮೇಲಿನ ಹಲಗೆಗೆ ಮಾತ್ರ ಗ್ರಾನೈಟ್, ಕೆಳಗಿನ ಅಡ್ಡಹಲಗೆಗಳಿಗೆಲ್ಲ ಕಡಪಾ. ಅಕ್ಕಿಡಬ್ಬಿ, ಕುಕ್ಕರ್ ಇಡುವಲ್ಲಿ ಅದು ಗಟ್ಟಿಮುಟ್ಟು. ಉಪ್ಪಿನಕಾಯಿ ಭರಣಿ ಮಾತ್ರ ಅಲ್ಲಿಡಬೇಡಿ. ಇಡಲೇಬೇಕೆಂದರೆ ಅಡಿಗೊಂದು ಮರದ ಮಣೆ ಇರಲಿ.