ಐ-81 ಹೆದ್ದಾರಿಯಲ್ಲಿ ವರ್ಜೀನಿಯಾ ಗಡಿ ದಾಟೋ ಮುಂಚೆ ಇದನ್ನ ಓದಿ

ಅಕ್ಟೋಬರ್ ಅಂದ್ರೆ ನ್ಯೂಜೆರ್ಸಿ ಕಡೆ ಎಂಎಸ್ ಮಾಡ್ತಿರೋ ನಮ್ಮ ಹುಡುಗರು ಕಾರು ಬಾಡಿಗೆಗೆ ತಗೊಂಡು ಎಲೆಗಳ ಬಣ್ಣ ನೋಡೋಕೆ ಹೊರಡೋ ಕಾಲ. ಅದರಲ್ಲಿ ವರ್ಜೀನಿಯಾದ ಶೆನಂಡೋವಾ ನ್ಯಾಷನಲ್ ಪಾರ್ಕಿಗೆ ಹೋಗೋರು ಇದನ್ನ ಓದಿ ಹೋಗಿ. 2024ರ ಅಕ್ಟೋಬರ್‌ನಲ್ಲಿ ನಾನು ಮಾಡಿದ ತಪ್ಪಿನ ಬಾಲ ಇನ್ನೂ ನನ್ನ ಹಿಂದೆಯೇ ಇದೆ.

ನಾವು ನಾಲ್ಕು ಜನ. ಇಬ್ಬರು ದಾವಣಗೆರೆಯವರು, ಒಬ್ಬ ಹಾಸನದವನು, ನಾನು ಶಿರಸಿ. ಬಾಡಿಗೆ ಕರಾರಿನಲ್ಲಿ ನನ್ನದೊಂದೇ ಹೆಸರು. 25 ತುಂಬದವರನ್ನ ಡ್ರೈವರ್ ಅಂತ ಸೇರಿಸಿದರೆ ದಿನಕ್ಕಿಷ್ಟು ಅಂತ ಹೆಚ್ಚಿಗೆ ಕೀಳ್ತಾರೆ, ಅದನ್ನ ಉಳಿಸೋಣ ಅಂತ. ಹಾಗಾಗಿ ಹೋಗುವಾಗ ಬರುವಾಗ ಎರಡೂ ಸಲ ಸ್ಟಿಯರಿಂಗ್ ನನ್ನ ಕೈಲೇ. ಐ-78ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ಗೆ ಸ್ವಲ್ಪ ಮುಂಚಿನ ತನಕ, ಅಲ್ಲಿಂದ ಐ-81. ಮೇರಿಲ್ಯಾಂಡ್ 12 ಮೈಲಿ, ವೆಸ್ಟ್ ವರ್ಜೀನಿಯಾ 26 ಮೈಲಿ, ಒಂದು ಚಿಪ್ಸ್ ಪೊಟ್ಟಣ ಖಾಲಿಯಾಗೋದ್ರೊಳಗೆ ವರ್ಜೀನಿಯಾ. ರಸ್ತೆ ಅದೇ, ಲಾರಿಗಳು ಅವೇ, ಕಾನೂನು ಮಾತ್ರ ರಾಜ್ಯಕ್ಕೊಂದು. ಇಲ್ಲಿ ರಾಡಾರ್ ಡಿಟೆಕ್ಟರ್ (ಪೊಲೀಸರು ಸ್ಪೀಡ್ ಅಳೀತಿದ್ದರೆ ಮೊದಲೇ ಎಚ್ಚರಿಸೋ ಯಂತ್ರ) ಇಟ್ಕೊಳ್ಳೋ ಹಾಗಿಲ್ಲ ಅಂತ ಬೋರ್ಡು ಕಾಣಿಸ್ತು. ಓದಿ ನಕ್ಕೆವು. ಸ್ಪೀಡ್ ವಿಷಯದಲ್ಲಿ ಈ ರಾಜ್ಯ ಎಷ್ಟು ಬಿಗಿ ಅನ್ನೋದಕ್ಕೆ ಆ ಬೋರ್ಡೇ ಸಾಕಿತ್ತು, ನಮಗೆ ಹೊಳೀಲಿಲ್ಲ.

ಮೊದಲ ಸಲ ಸಿಕ್ಕಿಬಿದ್ದಿದ್ದು ಸ್ಕೈಲೈನ್ ಡ್ರೈವ್‌ನಲ್ಲಿ. 105 ಮೈಲಿ ಬೆಟ್ಟದ ನೆತ್ತಿ ಮೇಲಿನ ರಸ್ತೆ, ಉದ್ದಕ್ಕೂ ಮಿತಿ ಗಂಟೆಗೆ 35 ಮೈಲಿ. ಇಳಿಜಾರಿನಲ್ಲಿ ನನ್ನ ಕಾರು 49ಕ್ಕೆ ಹೋಗಿತ್ತು. ಹಿಂದೆ ದೀಪ ಮಿಂಚಿತು. ಪಾರ್ಕ್ ರೇಂಜರ್ ಅಂದ್ರೆ ನಮ್ಮ ಫಾರೆಸ್ಟ್ ಗಾರ್ಡ್ ಇದ್ದ ಹಾಗೆ ಅನ್ಕೊಂಡಿದ್ದೆ. ಇವರು ಸೊಂಟದಲ್ಲಿ ಪಿಸ್ತೂಲಿರೋ ಪೊಲೀಸರೇ, ಚೀಟಿ ಹರಿದರೆ ಕೇಸು ಫೆಡರಲ್ ಕೋರ್ಟಿಗೆ ಹೋಗುತ್ತೆ.

ನನ್ನ ಲೈಸನ್ಸು ಬ್ಯಾಗಿನಲ್ಲಿ, ಬ್ಯಾಗು ಡಿಕ್ಕಿಯಲ್ಲಿ. ಊರಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದರೆ ನಾವೇನು ಮಾಡ್ತೀವಿ? ಇಳಿದು ಹೋಗಿ, ತಲೆ ಸ್ವಲ್ಪ ತಗ್ಗಿಸಿ, "ಸಾರ್..." ಅಂತ ಶುರು ಮಾಡ್ತೀವಿ. ಗಾಡಿಯಲ್ಲೇ ಕೂತಿದ್ದರೆ ಅದೇ ಕೊಬ್ಬು. ಅದೇ ಅಭ್ಯಾಸ, ಬಾಗಿಲು ತೆಗೆದು ಇಳಿದು ಡಿಕ್ಕಿ ಕಡೆ ಎರಡು ಹೆಜ್ಜೆ ಇಟ್ಟೆ. ಆ ಮನುಷ್ಯ ಕಿರುಚಿದ ದನಿ ಇನ್ನೂ ಕಿವಿಯಲ್ಲಿದೆ. ಕೈ ಪಿಸ್ತೂಲಿನ ಹತ್ತಿರ ಹೋಗಿತ್ತು. ನಾನು ಎರಡೂ ಕೈ ಮೇಲೆತ್ತಿ ವಾಪಸ್ ಕೂತೆ. ಆಮೇಲೆ ಅವರು ಸಮಾಧಾನದಿಂದಲೇ ಮಾತಾಡಿದರು, ಕರಡಿ ಅಡ್ಡ ಬರುತ್ತೆ ಅಂತ ಹೇಳಿ ಎಚ್ಚರಿಕೆ ಕೊಟ್ಟು ಬಿಟ್ಟರು. ನಿಲ್ಲಿಸಿದಾಗ ಇಳೀಲೇಬೇಡಿ. ಕಾರಿನ ಒಳಗಿನ ಲೈಟ್ ಹಾಕಿ, ಕೈ ಎರಡೂ ಸ್ಟಿಯರಿಂಗ್ ಮೇಲಿಡಿ, ಕೇಳೋ ತನಕ ಜೇಬಿಗೂ ಡ್ಯಾಶ್‌ಬೋರ್ಡಿಗೂ ಕೈ ಹಾಕಬೇಡಿ. ಲೈಸನ್ಸನ್ನ ಡಿಕ್ಕಿಯಲ್ಲಂತೂ ಇಡಬೇಡಿ.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಲೂರೇ ಗುಹೆ ನೋಡಿಕೊಂಡು ಕತ್ತಲಾದ ಮೇಲೆ ಐ-81 ಹತ್ತಿದೆವು. ಮಿತಿ 70. ಮಾರನೇ ದಿನ ಹಾಸನದವನಿಗೆ ಅಸೈನ್‌ಮೆಂಟು, ನನಗೆ ಬೆನ್ನುನೋವು, ಬೇಗ ಮನೆ ಸೇರಿದರೆ ಸಾಕು. ನಮ್ಮ ನ್ಯೂಜೆರ್ಸಿ ಕಡೆ ಟರ್ನ್‌ಪೈಕ್ ಅನ್ನೋ ಟೋಲ್ ಹೆದ್ದಾರಿಯಲ್ಲಿ 85ರಲ್ಲಿ ಹೋಗೋರು ಬೇಕಾದಷ್ಟು, ಸಿಕ್ಕಿಬಿದ್ದರೆ ದಂಡ, ಲೈಸನ್ಸಿನ ಮೇಲೆ ತಪ್ಪಿನ ಪಾಯಿಂಟು, ಅಷ್ಟೇ. ಆ ಲೆಕ್ಕದಲ್ಲಿ ನಾನು 88ರಲ್ಲಿದ್ದೆ. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 142 ಕಿಲೋಮೀಟರ್.

ಮತ್ತೆ ಹಿಂದೆ ಪೊಲೀಸ್ ದೀಪ ಮಿಂಚಿತು. ಈ ಸಲ ಇಳೀಲಿಲ್ಲ. ಆದರೆ ಬೇರೆ ಎರಡು ತಪ್ಪಾಯ್ತು. ಅಧಿಕಾರಿ ನಾನು ಕೂತಿದ್ದ ಎಡಗಡೆಗಲ್ಲ, ಪ್ಯಾಸೆಂಜರ್ ಕಡೆ ಕಿಟಕಿಗೆ ಬಂದು ಟಾರ್ಚ್ ಬಿಟ್ಟು, ಎಷ್ಟರಲ್ಲಿ ಹೋಗ್ತಿದ್ದೆ ಗೊತ್ತಾ ಅಂತ ಕೇಳಿದರು. ಒಳ್ಳೆ ಹುಡುಗನ ಹಾಗೆ, "85, 90 ಇರಬಹುದು ಸರ್" ಅಂದೆ. ಬರ್ಕೊಂಡರು. ಆಮೇಲೆ ವಕೀಲರಿಗೆ ಇದನ್ನ ಹೇಳಿದಾಗ ಅವರು ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದರು. ಸುಳ್ಳು ಹೇಳಬೇಡಿ, ಹಾಗಂತ ನಿಮ್ಮ ಮೇಲಿನ ಕೇಸಿಗೆ ನೀವೇ ಸಾಕ್ಷಿ ನುಡೀಬೇಡಿ.

ಅಷ್ಟರಲ್ಲಿ ಹಿಂದಿನಿಂದ ದಾವಣಗೆರೆಯವನು ಮೆಲ್ಲಗೆ, "ಇಲ್ಲೇ ಕಟ್ಟಿ ಮುಗ್ಸಾಕ್ ಬರ್ತದೇನು ಕೇಳಲೇ" ಅಂದ. ಪಾಪ, ಅವನ ಮನಸ್ಸಲ್ಲಿದ್ದದ್ದು ರಸೀದಿ ಹರಿಯೋ ದಂಡವೇ. ಅಧಿಕಾರಿ ಟಾರ್ಚನ್ನ ಅವನ ಮುಖಕ್ಕೆ ತಿರುಗಿಸಿ ಏನಂದ ಅಂತ ಕೇಳಿದರು. ನಾನು ಏನೋ ಹೇಳಿ ಮುಚ್ಚಿಹಾಕಿದೆ. ಆ ಮಾತನ್ನ ಇಂಗ್ಲಿಷಿನಲ್ಲಿ ಹೇಳಿದ್ದರೆ ಲಂಚದ ಮಾತು ಅಂತ ಅರ್ಥವಾಗೋ ಸಾಧ್ಯತೆ ಇತ್ತು, ಅದು ಸ್ಪೀಡಿಂಗ್‌ಗಿಂತ ಎಷ್ಟೋ ದೊಡ್ಡ ಅಪರಾಧ.

ಕೊಟ್ಟ ಕಾಗದದಲ್ಲಿ ದಂಡದ ಮೊತ್ತ ಹುಡುಕಿದೆ. ಇರಲಿಲ್ಲ. ಕೋರ್ಟಿನ ತಾರೀಖಿತ್ತು. ಸಹಿ ಹಾಕಿದೆ, ಆ ಸಹಿ ತಪ್ಪೊಪ್ಪಿಗೆಯಲ್ಲ, ಬರ್ತೀನಿ ಅನ್ನೋ ಮಾತು ಅಷ್ಟೇ, ಅದಕ್ಕೆ ತಕರಾರು ಮಾಡಬೇಡಿ. ವರ್ಜೀನಿಯಾದಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೂ, ಮಿತಿ ಎಷ್ಟೇ ಇರಲಿ 85 ದಾಟಿದರೂ ಅದು 'ರೆಕ್‌ಲೆಸ್ ಡ್ರೈವಿಂಗ್', ಅಂದರೆ ಅಪಾಯಕಾರಿ ಚಾಲನೆ. ಚೀಟಿ ಕಟ್ಟಿ ಮರೆಯೋ ವಿಷಯ ಅಲ್ಲ, ಕ್ಲಾಸ್ 1 ಮಿಸ್‌ಡಿಮೀನರ್, ಅಂದರೆ ಕ್ರಿಮಿನಲ್ ಕೇಸು. 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ಹಾಕೋ ಅವಕಾಶ ಇದೆ. 2020ರ ಜುಲೈಗೆ ಮುಂಚೆ ಈ ಗೆರೆ 80ಕ್ಕೇ ಇತ್ತು. 70ರ ರಸ್ತೆಯಲ್ಲಿ 86 ಅಂದ್ರೆ ಬರೀ 16 ಜಾಸ್ತಿ, ಅಷ್ಟಕ್ಕೇ ಕ್ರಿಮಿನಲ್.

ಒಂದು ವಾರದಲ್ಲಿ ನನ್ನ ಪೋಸ್ಟ್‌ಬಾಕ್ಸಿಗೆ ಹನ್ನೊಂದು ಪತ್ರ. ಎಲ್ಲ ಆ ಊರಿನ ವಕೀಲರವು. ಕೋರ್ಟಿನ ದಾಖಲೆ ಯಾರು ಬೇಕಾದರೂ ನೋಡಬಹುದು, ಹೆಸರು ಕಂಡ ಕೂಡಲೇ ಗಿರಾಕಿ ಅಂತ ಕಾಗದ ಹಾಕ್ತಾರೆ. ರೂಮಿನವರು ಅವನ್ನ ಮದುವೆ ಕರೆಯೋಲೆ ಥರ ಟೇಬಲ್ ಮೇಲೆ ಜೋಡಿಸಿಟ್ಟಿದ್ದರು. ಅದರಲ್ಲೇ ಒಬ್ಬರನ್ನ ಹಿಡಿದೆ. ಕಾರಿನ ಸ್ಪೀಡೋಮೀಟರ್ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಂದರೆ ಸ್ವಲ್ಪ ಅನುಕೂಲ ಅಂದರು. ಕಾರು ಬಾಡಿಗೆಯದು, ಮಾರನೇ ದಿನವೇ ವಾಪಸ್ ಕೊಟ್ಟಾಗಿತ್ತು! ಎಂಟು ಗಂಟೆಯ ಡ್ರೈವಿಂಗ್ ಕ್ಲಾಸ್ ಮಾಡಿದೆ. ಡಿಸೆಂಬರ್‌ನಲ್ಲಿ, ಪರೀಕ್ಷೆ ವಾರದಲ್ಲೇ, ಐದು ಗಂಟೆ ದಾರಿ ಹೋಗಿ ಕೋರ್ಟಿನ ಬೆಂಚಿನ ಮೇಲೆ ಕೂತೆ. ನನ್ನ ಸರದಿ ಮೂರು ನಿಮಿಷದಲ್ಲಿ ಮುಗೀತು. ಜಡ್ಜು ಅದನ್ನ ಸಾಮಾನ್ಯ ಸ್ಪೀಡಿಂಗ್‌ಗೆ ಇಳಿಸಿದರು. ದಂಡ, ಕೋರ್ಟ್ ಖರ್ಚು, ವಕೀಲರ ಫೀಸು, ಓಡಾಟ ಎಲ್ಲ ಸೇರಿ 1,900 ಡಾಲರ್. ಕ್ಲಾಸ್ ನಡೆಯೋ ದಿನಗಳಲ್ಲಿ ಕ್ಯಾಂಪಸ್ ಕೆಲಸದಲ್ಲಿ ವಾರಕ್ಕೆ 20 ಗಂಟೆ ಮೇಲೆ ದುಡಿಯೋ ಹಾಗಿಲ್ಲ, ಗಂಟೆಗೆ 15 ಡಾಲರ್. ಆರು ವಾರಕ್ಕೂ ಹೆಚ್ಚು ತಟ್ಟೆ ತೊಳೆದ ದುಡ್ಡು.

ದುಡ್ಡು ಹೋಗಲಿ ಅನ್ನೋಷ್ಟರಲ್ಲಿ 2025ರ ಏಪ್ರಿಲ್ ಬಂತು. ಸಾವಿರಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆ (ನಾವು ಇಲ್ಲಿ ಓದೋಕೆ ಇದ್ದೀವಿ ಅಂತ ಸರ್ಕಾರ ಇಟ್ಟಿರೋ ದಾಖಲೆ) ಇದ್ದಕ್ಕಿದ್ದಂತೆ ರದ್ದಾಯ್ತು, ಅದರಲ್ಲಿ ಬರೀ ಟ್ರಾಫಿಕ್ ಕೇಸಿನವರೂ ಇದ್ದರು. ವಿದ್ಯಾರ್ಥಿಗಳು ಕೋರ್ಟಿಗೆ ಹೋದ ಮೇಲೆ ತಿಂಗಳ ಕೊನೆಗೆ ದಾಖಲೆಗಳನ್ನ ವಾಪಸ್ ತರೋಕೆ ಸರ್ಕಾರ ಒಪ್ಪಿತು. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಆದರೆ ಆ ಮೂರು ವಾರ ಬೆಳಗ್ಗೆ ಎದ್ದ ತಕ್ಷಣ ನೋಡ್ತಿದ್ದದ್ದು ಕಾಲೇಜಿನ ಇಮೇಲ್. ಅಮ್ಮನಿಗೆ ಏನೂ ಹೇಳಿರಲಿಲ್ಲ, ಟಿವಿ ನೋಡಿ ಅವಳೇ ಫೋನ್ ಮಾಡಿ "ನಿಂಗೇನೂ ತೊಂದ್ರೆ ಇಲ್ವಲ ತಮಾ" ಅಂತ ಕೇಳಿದಳು.

ಈಗ ಅಕ್ಕನ ಮದುವೆಗೆ ಊರಿಗೆ ಹೋಗಬೇಕು, ವಾಪಸ್ ಬರೋಕೆ ವೀಸಾ ಸ್ಟಾಂಪಿಂಗ್ ಆಗಬೇಕು. ಅದಕ್ಕೆ ತುಂಬೋ ಡಿಎಸ್-160 ವೀಸಾ ಅರ್ಜಿಯಲ್ಲಿ ಯಾವತ್ತಾದರೂ ಬಂಧನ ಆಗಿದೆಯಾ, ಶಿಕ್ಷೆ ಆಗಿದೆಯಾ ಅನ್ನೋ ಪ್ರಶ್ನೆ ಇದೆ. ಇಂಥ ಕೇಸಿದ್ದರೆ ಅದನ್ನ ವಲಸೆ ವಕೀಲರನ್ನ ಕೇಳದೆ ತುಂಬಬೇಡಿ, ಕೋರ್ಟಿನ ತೀರ್ಪಿನ ದೃಢೀಕೃತ ಪ್ರತಿಯನ್ನ ಈಗಲೇ ತೆಗೆಸಿಟ್ಟುಕೊಳ್ಳಿ. ನಂದು ಫೈಲಿನಲ್ಲಿ ಮಾರ್ಕ್ಸ್ ಕಾರ್ಡುಗಳ ಪಕ್ಕದಲ್ಲೇ ಇದೆ. ಟಿಕೆಟ್ ಮಾತ್ರ ಇನ್ನೂ ಬುಕ್ ಮಾಡಿಲ್ಲ.