ರೈಡರ್ ಕಪ್ ಇತಿಹಾಸದ ದಪ್ಪ ಪುಸ್ತಕ: ಕಥೆ ಗಟ್ಟಿ, ಬೈಂಡಿಂಗ್ ಪುಸಕ್ಕು

ರೈಡರ್ ಕಪ್ ಅಂದರೆ ಅಮೆರಿಕ ಮತ್ತು ಬ್ರಿಟನ್ (1979ರಿಂದ ಯುರೋಪ್) ತಂಡಗಳ ನಡುವಿನ ಗಾಲ್ಫ್ ಪಂದ್ಯ. ಗಾಲ್ಫ್ ಪುಸ್ತಕ ಅಂದರೆ ಹಸಿರು ಹುಲ್ಲಿನ ಫೋಟೋ ಬಿಟ್ಟು ಇನ್ನೇನಿರುತ್ತದೆ ಅಂದುಕೊಂಡೇ ತರಿಸಿದ್ದೆ. ಮೂರನೇ ದಿನಕ್ಕೆ ಬೈಂಡಿಂಗ್ ಬಿಟ್ಟುಕೊಂಡು 1930ರ ದಶಕ ಪೂರ್ತಿ ಕೈಗೆ ಬಂತು. ಆದರೂ ವಾಪಸ್ ಕಳಿಸಲಿಲ್ಲ.

ಯಾಕೆಂದರೆ ಶುರು ತುಂಬಾ ಚೆನ್ನಾಗಿದೆ. ಈ ಕಪ್ ಕೊಟ್ಟ ಸ್ಯಾಮ್ಯುಯೆಲ್ ರೈಡರ್ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನವರು, ಬೀಜಗಳನ್ನು ಒಂದೊಂದು ಪೆನ್ನಿಯ ಪೊಟ್ಟಣ ಕಟ್ಟಿ ಅಂಚೆಯಲ್ಲಿ ಮಾರಿ ದುಡ್ಡು ಮಾಡಿದವರು. ಗಾಲ್ಫ್ ಹುಚ್ಚು ಹಿಡಿದದ್ದು ಐವತ್ತರ ಆಸುಪಾಸಿನಲ್ಲಿ. ಆಟ ಹೇಳಿಕೊಡಲು ಏಬ್ ಮಿಚೆಲ್ ಎಂಬ ಆಟಗಾರನನ್ನು ಸಂಬಳಕ್ಕೆ ಇಟ್ಟುಕೊಂಡರು. ಕಪ್‌ನ ಮುಚ್ಚಳದ ಮೇಲೆ ಪುಟ್ಟ ಬಂಗಾರದ ಗಾಲ್ಫರ್ ನಿಂತಿದ್ದಾನಲ್ಲ, ಅವನೇ ಈ ಮಿಚೆಲ್. 1927ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ ಕಪ್ ನಡೆದಾಗ ಬ್ರಿಟನ್ ತಂಡದ ನಾಯಕ ಆಗಬೇಕಿದ್ದವನೂ ಅವನೇ, ಆದರೆ ಅಪೆಂಡಿಸೈಟಿಸ್ ಆಗಿ ಹಡಗೇ ಹತ್ತಲಿಲ್ಲ. ಅಮೆರಿಕ 9½–2½ರಲ್ಲಿ ಗೆದ್ದಿತು, ಮಿಚೆಲ್ ಬೊಂಬೆಯ ಕಪ್ ಅಲ್ಲೇ ಉಳಿಯಿತು.

1969ರ ಅಧ್ಯಾಯಕ್ಕೇ ದುಡ್ಡು ವಸೂಲಿ. ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್ ಮೈದಾನ, ಕೊನೆಯ ಹೋಲ್ (ಗುಂಡಿ), ಎರಡೂ ತಂಡ ಸಮ. ಅಮೆರಿಕದ ಜ್ಯಾಕ್ ನಿಕ್ಲಾಸ್ ತನ್ನ ಪಟ್ (ಚೆಂಡನ್ನು ಗುಂಡಿಗೆ ಉರುಳಿಸುವ ಹೊಡೆತ) ಹಾಕಿ ಮುಗಿಸಿದ. ಬ್ರಿಟನ್‌ನ ಟೋನಿ ಜ್ಯಾಕ್ಲಿನ್‌ಗೆ ಎರಡು-ಮೂರು ಅಡಿಯ ಪಟ್ ಬಾಕಿ ಇತ್ತು, ತಪ್ಪಿದ್ದರೆ ಅಮೆರಿಕಕ್ಕೇ ಗೆಲುವು. ನಿಕ್ಲಾಸ್ ಸುಮ್ನೆ ಬಗ್ಗಿ ಜ್ಯಾಕ್ಲಿನ್‌ನ ಮಾರ್ಕರ್ (ಚೆಂಡಿನ ಜಾಗಕ್ಕೆ ಇಡುವ ಗುರುತು) ಎತ್ತಿ ಕೈಗೆ ಕೊಟ್ಟುಬಿಟ್ಟ, ಅಂದರೆ ಹೊಡೆಯದೆಯೇ ಪಟ್ ಬಿದ್ದಂತೆ ಬಿಟ್ಟುಕೊಟ್ಟ. 16–16. ಅಮೆರಿಕದ ನಾಯಕ ಸ್ಯಾಮ್ ಸ್ನೀಡ್‌ಗೆ ಇದು ಒಂಚೂರೂ ಹಿಡಿಸಲಿಲ್ಲ. ಈ ಫೋಟೋವನ್ನು ಎರಡು ಪುಟಕ್ಕೆ ಹರಡಿ ಹಾಕಿದ್ದಾರೆ, ಸರಿ, ಆದರೆ ಪಾಪ ಜ್ಯಾಕ್ಲಿನ್ ಸರಿಯಾಗಿ ಮಡಿಕೆಯ ಒಳಗೆ ಹೋಗಿದ್ದಾನೆ. ಯಾರೂ ನೋಡಲೇ ಇಲ್ವಾ?

ನನ್ನ ನಿಜವಾದ ತಕರಾರು ಮುಂದಿನ ಭಾಗದ್ದು. 1977ರವರೆಗಿನ 22 ಕಪ್‌ಗಳಲ್ಲಿ ಬ್ರಿಟನ್ ಗೆದ್ದದ್ದು ಮೂರೇ. ಹೀಗೇ ಹೋದರೆ ಆಟಕ್ಕೆ ಅರ್ಥವಿಲ್ಲ ಅಂತ, ಯುರೋಪಿನ ಬೇರೆ ದೇಶದವರನ್ನೂ ಸೇರಿಸಿಕೊಳ್ಳಿ ಎಂದು ಒತ್ತಾಯಿಸಿದ್ದು ಮತ್ತದೇ ನಿಕ್ಲಾಸ್. 1979ರಿಂದ ಸೇರಿಸಿಕೊಂಡರು, ಸ್ಪೇನಿನ ಸೆವೆ ಬ್ಯಾಯೆಸ್ಟೆರೋಸ್ ಬಂದ, 1985ರಲ್ಲಿ ಯುರೋಪ್ ಗೆದ್ದಿತು. 1987ರಲ್ಲಿ ಅಮೆರಿಕದ ನೆಲದಲ್ಲೇ 15–13. ಸೋತ ತಂಡದ ನಾಯಕ ಯಾರು? ನಿಕ್ಲಾಸ್! ಅದೂ ತಾನೇ ಕಟ್ಟಿಸಿದ ಮ್ಯೂರ್‌ಫೀಲ್ಡ್ ವಿಲೇಜ್ ಮೈದಾನದಲ್ಲಿ, ಎದುರು ತಂಡದ ನಾಯಕ ಜ್ಯಾಕ್ಲಿನ್. ಇಂಥ ಕಥೆ ಸಿಕ್ಕರೆ ಯಾರಾದರೂ ಬಿಡುತ್ತಾರಾ? ಇವರು ಅರ್ಧ ಪುಟದಲ್ಲಿ ಮುಗಿಸಿದ್ದಾರೆ, ಉಳಿದರ್ಧಕ್ಕೆ ಆಟಗಾರರ ಸ್ವೆಟರ್ ಫೋಟೋ.

2012ರಲ್ಲಿ ಅಮೆರಿಕದ ಮೆಡೈನಾದಲ್ಲಿ ನಡೆದ ಕಪ್‌ನ ಭಾಗ ಪರವಾಗಿಲ್ಲ. 10–6ರಲ್ಲಿ ಹಿಂದಿದ್ದ ಯುರೋಪ್ ಕೊನೇ ದಿನ 14½–13½ ಮಾಡಿದ್ದನ್ನು ಮ್ಯಾಚ್ ಮ್ಯಾಚ್ ಬಿಡಿಸಿ ಹೇಳಿದ್ದಾರೆ. ಆಮೇಲಿನದೆಲ್ಲ ಬರೀ ಅಂಕಿಪಟ್ಟಿ. ಜೋಡಿ ಆಟಗಳಾದ ಫೋರ್ಸಮ್ಸ್‌ಗೂ ಫೋರ್‌ಬಾಲ್‌ಗೂ ಏನು ವ್ಯತ್ಯಾಸ ಅಂತ ಎಲ್ಲೂ ಹೇಳಿಲ್ಲ, ಹೊಸಬರಿಗೆ ಕಷ್ಟ. (ಮೊದಲನೆಯದರಲ್ಲಿ ಜೋಡಿಗೆ ಒಂದೇ ಚೆಂಡು, ಸರದಿಯಲ್ಲಿ ಹೊಡೆಯಬೇಕು. ಎರಡನೆಯದರಲ್ಲಿ ಪ್ರತಿಯೊಬ್ಬರಿಗೂ ಅವರವರ ಚೆಂಡು. ಇಷ್ಟೇ.)

ಮೂರು ಸ್ಟಾರ್. ಬಿಚ್ಚಿದ ಪುಟಗಳಿಗೆ ಸದ್ಯಕ್ಕೆ ಸೆಲೋಟೇಪ್ ಹಚ್ಚಿದ್ದೇನೆ, 1933 ಮಾತ್ರ ತಲೆಕೆಳಗಾಗಿ ಅಂಟಿದೆ.