ಮಂಡಿಯ ಹಳೇ ಡಾಸ್ ಪ್ರೋಗ್ರಾಂ, ಹೊಸ ಲ್ಯಾಪ್‌ಟಾಪ್: ಡಾಸ್‌ಬಾಕ್ಸ್-ಎಕ್ಸ್, ವಿಡಾಸ್, ವರ್ಚುವಲ್‌ಬಾಕ್ಸ್ ಹೋಲಿಕೆ

ಡಾಸ್ (ವಿಂಡೋಸ್‌ಗೂ ಮುಂಚಿನ, ಬರೀ ಅಕ್ಷರಗಳ ಪರದೆಯ ವ್ಯವಸ್ಥೆ) ಕಾಲದ ಹಳೇ ಪ್ರೋಗ್ರಾಂ ಒಂದನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬಿಲ್ ತೆಗೆಯಬೇಕು ಅನ್ನುವವರು ಸೀದಾ ಡಾಸ್‌ಬಾಕ್ಸ್-ಎಕ್ಸ್ ಹಾಕಿಕೊಳ್ಳಿ. ಉಳಿದವನ್ನೂ ಹಾಕಿ ನೋಡಿದ್ದೇನೆ. ಅವು ಯಾಕೆ ಬೇಡ ಅನ್ನಿಸಿತು, ಯಾರಿಗೆ ಬೇಕಾಗಬಹುದು ಅನ್ನೋದನ್ನು ಕೆಳಗೆ ಬರೆದಿದ್ದೇನೆ.

ತಿಪಟೂರಿನಲ್ಲಿ ನಮ್ಮ ಮಾವನದು ಕೊಬ್ಬರಿ ಮಂಡಿ. ಲೆಕ್ಕವೆಲ್ಲ ಫಾಕ್ಸ್‌ಪ್ರೋ ಅನ್ನೋ ಹಳೇ ಡೇಟಾಬೇಸ್ ಭಾಷೆಯಲ್ಲಿ ಬರೆದ ಒಂದು ಡಾಸ್ ಪ್ರೋಗ್ರಾಂನಲ್ಲಿ. ರೈತರ ಹೆಸರು, ಚೀಲ, ತೂಕ, ದರ, ಹಮಾಲಿ, ಮುಂಗಡ ಹಾಕಿ ಎಂಟರ್ ಒತ್ತಿದರೆ ಪಟ್ಟಿ, ಅಂದರೆ ಬಿಲ್, ಹೊರಗೆ ಬರುತ್ತದೆ. ಬರೆದುಕೊಟ್ಟವರು ಬೆಂಗಳೂರು ಸೇರಿ ವರ್ಷಗಳೇ ಆದವು. ಸೋರ್ಸ್ ಕೋಡ್ ಯಾರ ಹತ್ತಿರವೂ ಇಲ್ಲ. ಎಕ್ಸ್‌ಪಿ ಇದ್ದ ಕಂಪ್ಯೂಟರಿನ ಮದರ್‌ಬೋರ್ಡ್ ಕೈಕೊಟ್ಟಾಗ ಮಾವ ವಿಂಡೋಸ್ 11ರ ಲ್ಯಾಪ್‌ಟಾಪ್ ತಂದರು. ‘ಹಳೇದೆಲ್ಲಾ ಓಡುತ್ತೆ ಸಾರ್’ ಅಂದಿದ್ದನಂತೆ ಅಂಗಡಿಯವನು. ಓಡಲಿಲ್ಲ.

ಅದು ಲ್ಯಾಪ್‌ಟಾಪಿನ ದೋಷವಲ್ಲ. ಡಾಸ್ ಪ್ರೋಗ್ರಾಂಗಳು 16 ಬಿಟ್‌ನವು. 32 ಬಿಟ್ ವಿಂಡೋಸ್‌ನಲ್ಲಿ ಅವುಗಳಿಗಾಗಿಯೇ ಎನ್‌ಟಿವಿಡಿಎಂ ಅನ್ನೋ ಭಾಗ ಇರುತ್ತಿತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದು ಇಲ್ಲ, ಮತ್ತು ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ವಿಂಡೋಸ್ 95 ಅಂತ ಆರಿಸಿಕೊಂಡು ಕೂತರೆ ಸುಮ್ನೆ ಟೈಮ್ ಹಾಳು. ಹಳೇ ಕಂಪ್ಯೂಟರೇ ಇದೆ ಅಂತ ಪ್ರೋಗ್ರಾಂ ನಂಬುವ ಹಾಗೆ ಮಾಡುವ ಎಮ್ಯುಲೇಟರ್ ಬೇಕೇ ಬೇಕು.

ಹೊಸದಾಗಿ ಬರೆಸೋಣ ಅಂತ ಕೇಳಿದ್ದಕ್ಕೆ ಐದಂಕಿಯ ಮೊತ್ತ ಹೇಳಿದರು. ಮಾವ ಒಪ್ಪಲಿಲ್ಲ. ಹಳೇ ಬಾಕಿಗಳೆಲ್ಲ ಹಳೇ ಫೈಲಿನಲ್ಲೇ ಇರುವಾಗ ನನಗೂ ಅದು ಸರಿ ಅನ್ನಿಸಲಿಲ್ಲ. ಹಾಗಾಗಿ ಬಜೆಟ್ಟು ಸೊನ್ನೆ. ಇನ್ನೊಂದು ಷರತ್ತು ನನ್ನದು. ನಾನಿರುವುದು ತುಮಕೂರಿನಲ್ಲಿ. ಏನಾದರೂ ಕೆಟ್ಟಿತು ಅಂದಾಗಲೆಲ್ಲ ರೈಲು ಹತ್ತಿ ತಿಪಟೂರಿಗೆ ಓಡಲು ಆಗುವುದಿಲ್ಲ. ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು, ಪೆನ್‌ಡ್ರೈವಿನಲ್ಲಿ ಹಿಡಿಸಬೇಕು, ಗುಮಾಸ್ತರು ತಾವೇ ಕಾಪಿ ಮಾಡಿಕೊಳ್ಳುವ ಹಾಗಿರಬೇಕು.

ಮೊದಲು ವರ್ಚುವಲ್‌ಬಾಕ್ಸ್. ಕೇಳಿದವರೆಲ್ಲ ಇದನ್ನೇ ಹೇಳಿದ್ದರು. ಇದರೊಳಗೆ ಇಡೀ ವಿಂಡೋಸ್ ಎಕ್ಸ್‌ಪಿಯನ್ನೇ ಇನ್‌ಸ್ಟಾಲ್ ಮಾಡಬಹುದು, ಅದರೊಳಗೆ ಹಳೇ ಪ್ರೋಗ್ರಾಂ ಮೊದಲಿನ ಹಾಗೇ ಓಡುತ್ತದೆ. ಸ್ನ್ಯಾಪ್‌ಶಾಟ್ ಸೌಲಭ್ಯ ನಿಜಕ್ಕೂ ಚೆನ್ನಾಗಿದೆ: ಇವತ್ತಿನ ಸ್ಥಿತಿಯನ್ನು ಹಿಡಿದಿಟ್ಟುಕೊಂಡು, ನಾಳೆ ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗಬಹುದು. ಆದರೆ ಒಂದು ಪಟ್ಟಿ ತೆಗೆಯಲು ಇಡೀ ಎಕ್ಸ್‌ಪಿ ಎಬ್ಬಿಸುವುದು ಅಂದರೆ ಒಂದು ತೆಂಗಿನಕಾಯಿ ಸಾಗಿಸಲು ಲಾರಿ ಕರೆದ ಹಾಗೆ. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಹೋಗಿ ವರ್ಚುವಲೈಸೇಷನ್ ಆನ್ ಮಾಡಬೇಕು. ಇಂಥದ್ದೇ ಕೆಲಸ ಮಾಡುವ ವಿಂಡೋಸ್‌ನ ಹೈಪರ್-ವಿ ಆನ್ ಆಗಿದ್ದರೆ ವರ್ಚುವಲ್‌ಬಾಕ್ಸ್ ಅದರ ಮೇಲೇ ಓಡಬೇಕಾಗುತ್ತದೆ, ಆಗ ಕಿಟಕಿಯ ಕೆಳ ಅಂಚಿನಲ್ಲಿ ಹಸಿರು ಆಮೆಯ ಚಿತ್ರ ಕಾಣಿಸುತ್ತದೆ. ತಮಾಷೆಗೆ ಹಾಕಿದ್ದಲ್ಲ ಅದು, ನಿಜವಾಗಿಯೂ ನಿಧಾನ ಆಗುತ್ತದೆ.

ಎಕ್ಸ್‌ಪಿಯದೇ ಬೇರೆ ತಲೆನೋವು. ಹಳೇ ಕಂಪ್ಯೂಟರಿನ ಜೊತೆ ಬಂದ ಓಇಎಂ ಲೈಸನ್ಸ್ ಆ ಕಂಪ್ಯೂಟರಿಗೇ ಸೇರಿದ್ದು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ, ಹಾಗಾಗಿ ಅದನ್ನು ಇಂಟರ್‌ನೆಟ್ಟಿಗೆ ಬಿಡುವ ಹಾಗಿಲ್ಲ. ಇನ್ನೂ ಒಂದಿದೆ. ಡಾಸ್ ಪ್ರೋಗ್ರಾಂ ‘ಕೀಲಿ ಒತ್ತಿದರಾ, ಒತ್ತಿದರಾ’ ಅಂತ ಬಿಡುವಿಲ್ಲದೆ ನೋಡುತ್ತಲೇ ಇರುತ್ತದೆ. ಅದರಿಂದ ಎಕ್ಸ್‌ಪಿಯೊಳಗೆ ನಾವು ಏನೂ ಒತ್ತದೆ ಸುಮ್ಮನಿದ್ದಾಗಲೂ ಪ್ರೊಸೆಸರ್ ಪೂರ್ತಿ ದುಡಿಯುತ್ತದೆ. ಲ್ಯಾಪ್‌ಟಾಪ್ ಫ್ಯಾನು ಗಿರ್ರೋ ಅನ್ನುತ್ತದೆ.

ಮಾಮೂಲಿ ಡಾಸ್‌ಬಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಲೇಜಿನಲ್ಲಿ ಟರ್ಬೋ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆ ನೋಡಿದವರಿಗೆಲ್ಲ ಇದು ಗೊತ್ತು. ಮಾಡಿದವರೇ ಇದು ಆಟಗಳಿಗೆ ಅಂತ ಹೇಳುತ್ತಾರೆ, ಪ್ರಿಂಟರ್ ಪೋರ್ಟೇ ಇಲ್ಲ. ಕಂಟ್ರೋಲ್ ಜೊತೆ ಎಫ್9 ಒತ್ತಿದರೆ ಒಂದು ಮಾತೂ ಕೇಳದೆ ಮುಚ್ಚಿಕೊಳ್ಳುತ್ತದೆ. ಫಾಕ್ಸ್‌ಪ್ರೋ ಲೆಕ್ಕ ಇಡುವ ಡಿಬಿಎಫ್ ಫೈಲಿಗೆ ಬರೆಯುತ್ತಿರುವಾಗ ಹಾಗಾದರೆ ಅದರ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಕೆಟ್ಟಿತು ಅಂತಲೇ ಲೆಕ್ಕ. ಮಂಡಿಯಲ್ಲಿ ಅದಕ್ಕೆ ಜಾಗವಿಲ್ಲ.

ವಿಡಾಸ್ ಆಫೀಸು ಕೆಲಸದ ಡಾಸ್ ಪ್ರೋಗ್ರಾಂಗಳಿಗಾಗಿಯೇ ಮಾಡಿದ್ದು. ಚಿಕ್ಕದು, ತೆರೆದ ತಕ್ಷಣ ಏಳುತ್ತದೆ. ಅಕ್ಷರಗಳನ್ನು ವಿಂಡೋಸ್ ಫಾಂಟಿನಲ್ಲಿ ಬಿಡಿಸುವುದರಿಂದ ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ನಮ್ಮ ಗುಮಾಸ್ತರು ನೋಡಿದ ಕೂಡಲೇ ‘ಇದೇ ಇರಲಿ ಕಣಪ್ಪಾ, ಕನ್ನಡಕ ಇಲ್ದೇನೂ ಕಾಣ್ತದೆ’ ಅಂದರು. ನನಗೂ ಆಸೆಯಾಗಿತ್ತು. ಆದರೆ ಇದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಮನೆಯಲ್ಲಿ ನನ್ನದು ಲಿನಕ್ಸ್. ಮಂಡಿಯ ಫೋಲ್ಡರನ್ನೇ ನನ್ನ ಕಂಪ್ಯೂಟರಿನಲ್ಲಿ ತೆರೆದು ತೊಂದರೆ ಏನು ಅಂತ ನೋಡುವ ಅಭ್ಯಾಸ ನನಗೆ. ಅದು ಇಲ್ಲಿ ಆಗುವುದಿಲ್ಲ.

ಡಾಸ್‌ಬಾಕ್ಸ್-ಎಕ್ಸ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಡಾಸ್‌ಬಾಕ್ಸ್‌ನಿಂದಲೇ ಕವಲೊಡೆದದ್ದು, ಆದರೆ ಆಟದಾಚೆಗಿನ ಕೆಲಸಗಳನ್ನೂ ಮನಸ್ಸಿನಲ್ಲಿಟ್ಟು ಬೆಳೆಸಿದ್ದಾರೆ. ಜಿಪ್ ಫೈಲ್ ಬಿಚ್ಚಿದರೆ ಸಾಕು, ಇನ್‌ಸ್ಟಾಲ್ ಬೇಕಾಗಿಲ್ಲ. ಔಟ್‌ಪುಟ್ ಸೆಟ್ಟಿಂಗನ್ನು ಟಿಟಿಎಫ್ ಅಂತ ಬದಲಿಸಿದರೆ ವಿಡಾಸ್‌ನಷ್ಟೇ ಚೊಕ್ಕ ಅಕ್ಷರ ಬರುತ್ತದೆ. ಗುಮಾಸ್ತರ ಕನ್ನಡಕದ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು. ಪ್ರೋಗ್ರಾಂ ಓಡುತ್ತಿರುವಾಗ ಕಿಟಕಿ ಮುಚ್ಚಲು ಹೋದರೆ ‘ಖಚಿತವಾ?’ ಅಂತ ಕೇಳುತ್ತದೆ.

ವೇಗದ ಬಗ್ಗೆ ಒಂದು ಮಾತು. ಡಾಸ್‌ಬಾಕ್ಸ್ ಕುಲದಲ್ಲೆಲ್ಲ ‘ಸೈಕಲ್ಸ್’ ಅನ್ನೋ ಲೆಕ್ಕ ಇರುತ್ತದೆ. 3,000 ಅಂದರೆ ಹಳೇ 286 ಕಂಪ್ಯೂಟರಿನ ವೇಗದ ಆಸುಪಾಸು, ವರ್ಷದ ಖಾತೆ ಹುಡುಕಲು ಹೋದರೆ ಆಕಳಿಕೆ ಬರುತ್ತದೆ. ಹಾಗಂತ ‘ಮ್ಯಾಕ್ಸ್’ ಅಂತಲೂ ಇಡಬೇಡಿ. ಆ ಕಾಲದ ಕೆಲವು ಪ್ರೋಗ್ರಾಂಗಳು ಶುರುವಾಗುವಾಗ ಪ್ರೊಸೆಸರಿನ ವೇಗ ಅಳೆಯುತ್ತವೆ, ತುಂಬಾ ಜೋರಾಗಿದ್ದರೆ ಲೆಕ್ಕ ತಪ್ಪಿ ‘ಸೊನ್ನೆಯಿಂದ ಭಾಗಾಕಾರ’ ಅಂತ ನಿಂತುಬಿಡುತ್ತವೆ. ಟರ್ಬೋ ಪಾಸ್ಕಲ್ ಪ್ರೋಗ್ರಾಂಗಳ ರನ್‌ಟೈಮ್ ಎರರ್ 200 ಇದರಿಂದಲೇ ಹೆಸರಾಗಿತ್ತು. ನಾನು 30,000 ಇಟ್ಟಿದ್ದೇನೆ. ಸಾಕು.

ಈಗ ಪ್ರಿಂಟಿಂಗ್. ಗೋಳೆಲ್ಲ ಇಲ್ಲೇ.

ಮಂಡಿಯ ಪಟ್ಟಿ ಎ4 ಹಾಳೆಯಲ್ಲಿ ಬರುವುದಿಲ್ಲ. ಅಂಚಿನಲ್ಲಿ ತೂತಿರುವ ಉದ್ದನೆಯ ಮಡಿಕೆ ಕಾಗದ, ಮೂರು ಪ್ರತಿ: ಒಂದು ರೈತರಿಗೆ, ಒಂದು ಖರೀದಿದಾರರಿಗೆ, ಒಂದು ಮಂಡಿಗೆ. ಒಂದು ಪಟ್ಟಿಯ ಉದ್ದ 6 ಇಂಚು, ಅಂದರೆ 36 ಸಾಲು. ನಮ್ಮ ಪ್ರೋಗ್ರಾಂ ಅಕ್ಷರಗಳ ಜೊತೆಗೆ ಪ್ರಿಂಟರಿಗೆ ಎಪ್ಸನ್ ಮಾದರಿಯ ಗುಟ್ಟಿನ ಆದೇಶಗಳನ್ನೂ ಕಳಿಸುತ್ತದೆ: ಪುಟದ ಉದ್ದ 36 ಸಾಲು, ಇಲ್ಲಿಂದ ಸಣ್ಣ ಅಕ್ಷರ, ಇಲ್ಲಿಗೆ ಪುಟ ಮುಗಿಯಿತು. ಸಣ್ಣ ಅಕ್ಷರದ ಆದೇಶ ತಲುಪಿದರೆ 8 ಇಂಚಿನ ಅಗಲದಲ್ಲಿ 80ರ ಬದಲು 137 ಅಕ್ಷರ ಹಿಡಿಸುತ್ತವೆ. ತಲುಪದಿದ್ದರೆ ಸಾಲು ಮುರಿದು, ಹಮಾಲಿಯ ಮೊತ್ತ ಮುಂದಿನ ಸಾಲಿನ ತೂಕದ ಕೆಳಗೆ ಹೋಗಿ ಕೂರುತ್ತದೆ.

ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಪ್ಯಾರಲಲ್ ಪೋರ್ಟನ್ನು (ಹಳೇ ಪ್ರಿಂಟರ್ ಕೇಬಲ್ ಸಿಕ್ಕಿಸುತ್ತಿದ್ದ ಜಾಗ, ಡಾಸ್‌ನಲ್ಲಿ ಅದರ ಹೆಸರು ಎಲ್‌ಪಿಟಿ1) ‘ಪ್ರಿಂಟರ್’ ಅಂತ ಇಟ್ಟರೆ ಅದು ತಾನೇ ಒಂದು ಎಪ್ಸನ್ ಪ್ರಿಂಟರಿನ ವೇಷ ಹಾಕಿ, ಪುಟವನ್ನು ಚಿತ್ರವಾಗಿ ಬಿಡಿಸಿ ವಿಂಡೋಸ್‌ಗೆ ಕೊಡುತ್ತದೆ. ಲೇಸರ್ ಪ್ರಿಂಟರ್ ಇರುವವರಿಗೆ ಇದು ಸೊಗಸಾದ ದಾರಿ. 9 ಪಿನ್ನಿನ ಡಾಟ್ ಮ್ಯಾಟ್ರಿಕ್ಸಿಗೆ ಅಲ್ಲ. ಅಕ್ಷರವನ್ನು ಚಿತ್ರವಾಗಿ ಕುಟ್ಟುತ್ತಾ ಕೂರುತ್ತದೆ, ಮೂರನೇ ಪ್ರತಿಯಲ್ಲಿ ಏನೂ ಮೂಡುವುದಿಲ್ಲ. ಜೊತೆಗೆ ವಿಂಡೋಸ್ ಡ್ರೈವರ್ ತನ್ನದೇ ಪುಟದ ಅಳತೆ ಹಿಡಿದುಕೊಂಡಿರುವುದರಿಂದ ಒಂದು ಪಟ್ಟಿ ಅಚ್ಚಾದರೆ ಮುಂದಿನದು ಖಾಲಿ ಹೊರಗೆ ಬರುತ್ತದೆ. ‘ಲೋ, ಕಾಗದದ ದುಡ್ಡು ನೀನು ಕೊಡ್ತೀಯೇನೋ?’ ಅಂತ ಮಾವ ಫೋನಿನಲ್ಲೇ ರೇಗಿದರು.

ವಿಡಾಸ್ ಇಲ್ಲಿ ಬೇರೆ ರೀತಿ ಕಾಡಿತು. ಏನೂ ಬದಲಿಸದೆ ಬಿಟ್ಟರೆ ಅದು ಪ್ರಿಂಟಿಗೆ ಹೋಗಬೇಕಾದ್ದನ್ನು ಒಂದು ಟೆಕ್ಸ್ಟ್ ಫೈಲಿಗೆ ಬರೆದು ನೋಟ್‌ಪ್ಯಾಡಿನಲ್ಲಿ ತೆರೆದು ತೋರಿಸುತ್ತದೆ. ನೋಡಿ ತಿದ್ದುವವರಿಗೆ ಒಳ್ಳೆಯದು. ಎದುರಿಗೆ ರೈತರು ಸಾಲಾಗಿ ನಿಂತಿರುವಾಗ ಗುಮಾಸ್ತರು ನೋಟ್‌ಪ್ಯಾಡ್ ಮುಚ್ಚುತ್ತಾ ಕೂರಬೇಕೇ? ಸೆಟ್ಟಿಂಗ್ ಬದಲಿಸಿದರೆ ಇದು ಸರಿಹೋಗುತ್ತದೆ ನಿಜ, ಆದರೆ ಅಷ್ಟರಲ್ಲಿ ನನಗೆ ಇನ್ನೊಂದು ಕಡೆ ದಾರಿ ಸಿಕ್ಕಿತ್ತು.

ಆ ದಾರಿ ಏನೆಂದರೆ, ಪ್ರೋಗ್ರಾಂ ಕಳಿಸಿದ್ದನ್ನು ಯಾರೂ ಮಧ್ಯೆ ಕೈ ಹಾಕದೆ ಹಾಗೇ ಪ್ರಿಂಟರಿಗೆ ತಲುಪಿಸುವುದು. ಇಂದಿನ ಪ್ರಿಂಟರ್ ಕೇಬಲ್ ಯುಎಸ್‌ಬಿ. ಹಳೇ ಪ್ರಿಂಟರಿಗೆ ಯುಎಸ್‌ಬಿ ಪರಿವರ್ತಕ ಕೇಬಲ್ ಹಾಕಿದರೂ ವಿಂಡೋಸ್ ಅದನ್ನು ಯುಎಸ್‌ಬಿ001 ಅಂತಲೇ ಕರೆಯುತ್ತದೆ, ಎಲ್‌ಪಿಟಿ1 ಅನ್ನುವುದಿಲ್ಲ. ಹಾಗಾಗಿ ಮೊದಲು ಪ್ರಿಂಟರನ್ನು ವಿಂಡೋಸ್‌ನಲ್ಲಿ ಶೇರ್ ಮಾಡಿ ಒಂದು ಗಿಡ್ಡ ಹೆಸರು ಕೊಡಬೇಕು. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್ ಯೂಸ್’ ಆದೇಶದಿಂದ ಎಲ್‌ಪಿಟಿ1 ಅನ್ನು ಆ ಶೇರಿಗೆ ಜೋಡಿಸಬೇಕು, ಪ್ರತಿ ಸಲ ಆನ್ ಮಾಡಿದಾಗಲೂ ಉಳಿಯುವ ಹಾಗೆ ‘ಪರ್ಸಿಸ್ಟೆಂಟ್’ ಹಾಕಿ. ಇದನ್ನು ಅಡ್ಮಿನ್ ಪ್ರಾಂಪ್ಟಿನಲ್ಲಿ ಮಾಡಬೇಡಿ. ಅಲ್ಲಿ ಜೋಡಿಸಿದ್ದು ಮಾಮೂಲಿಯಾಗಿ ತೆರೆದ ಪ್ರೋಗ್ರಾಂಗೆ ಕಾಣಿಸದೇ ಹೋಗಬಹುದು. ಕೊನೆಗೆ ಡಾಸ್‌ಬಾಕ್ಸ್-ಎಕ್ಸ್ ಸೆಟ್ಟಿಂಗಿನಲ್ಲಿ ಮೊದಲ ಪ್ಯಾರಲಲ್ ಪೋರ್ಟನ್ನು ‘ಪ್ರಿಂಟರ್’ ಬದಲು ‘ಫೈಲ್’ ಅಂತ ಮಾಡಿ, ಸಾಧನ ಎಲ್‌ಪಿಟಿ1 ಅಂತ ಬರೆದರೆ ಆಯಿತು.

ಇಷ್ಟಾದ ಮೇಲೂ ಪಟ್ಟಿ ನಡುವೆ ತುಂಡಾಗುತ್ತಿತ್ತು. ಕಾರಣ, ಡೇಟಾ ಬರುವುದು ಅರ್ಧ ಸೆಕೆಂಡು ನಿಂತರೆ ಡಾಸ್‌ಬಾಕ್ಸ್-ಎಕ್ಸ್ ‘ಮುಗಿಯಿತು’ ಅಂತ ತೀರ್ಮಾನಿಸಿಬಿಡುತ್ತದೆ. ನಮ್ಮ ಪ್ರೋಗ್ರಾಂ ಹಳೇ ಬಾಕಿ ಹುಡುಕುವಾಗ ಅಷ್ಟು ಹೊತ್ತು ನಿಲ್ಲುತ್ತದೆ. ‘ಟೈಮ್‌ಔಟ್’ ಅನ್ನು 500ರಿಂದ 3,000 ಮಿಲಿಸೆಕೆಂಡಿಗೆ ಏರಿಸಿದೆ. ವಿಂಡೋಸ್‌ನ ಪ್ರಿಂಟರ್ ಸೆಟ್ಟಿಂಗಿನ ಪ್ರಿಂಟ್ ಪ್ರೊಸೆಸರಿನಲ್ಲಿ ‘ರಾ’ (ಬಂದದ್ದನ್ನು ಹಾಗೇ ಕಳಿಸು) ಅಂತಷ್ಟೇ ಇರಲಿ. ಅದರ ಪಕ್ಕದಲ್ಲೇ ‘ಎಫ್‌ಎಫ್ ಅಪೆಂಡೆಡ್’ ಅನ್ನೋ ಇನ್ನೊಂದು ಇರುತ್ತದೆ, ಅದನ್ನು ಆರಿಸಿದರೆ ಪ್ರತಿ ಪಟ್ಟಿಯ ಕೊನೆಗೆ ಮತ್ತೊಂದು ಖಾಲಿ ಪುಟ. ಈಗ ಸರಿಯಾಗಿ 36 ಸಾಲಿಗೆ ನಿಲ್ಲುತ್ತದೆ, ಮೂರನೇ ಪ್ರತಿಯೂ ಓದಲು ಬರುತ್ತದೆ.

ವರ್ಚುವಲ್‌ಬಾಕ್ಸ್‌ನಲ್ಲಿ ಇದೆಲ್ಲ ತಪ್ಪುತ್ತದೆ ಅಂದುಕೊಳ್ಳಬೇಡಿ. ಯುಎಸ್‌ಬಿ ಪ್ರಿಂಟರನ್ನು ಎಕ್ಸ್‌ಪಿಗೆ ಒಪ್ಪಿಸಿದರೂ ಎಕ್ಸ್‌ಪಿ ಕೂಡ ಅದನ್ನು ಯುಎಸ್‌ಬಿ001 ಅಂತಲೇ ನೋಡುತ್ತದೆ. ಅದೇ ಶೇರ್, ಅದೇ ನೆಟ್ ಯೂಸ್.

86ಬಾಕ್ಸ್ ಕೂಡ ನೋಡಿದೆ. ಹಳೇ ಮದರ್‌ಬೋರ್ಡ್, ಅದರ ಬಯಾಸ್ ಸಮೇತ ಅನುಕರಿಸುತ್ತದೆ. ಹಳೇ ಕಂಪ್ಯೂಟರ್ ಹುಚ್ಚಿದ್ದವರಿಗೆ ಹಬ್ಬ, ನನಗಲ್ಲ.

ಕನ್ನಡದಲ್ಲಿ ಪಟ್ಟಿ ತೆಗೆಯುತ್ತಿದ್ದ ಡಾಸ್ ಪ್ರೋಗ್ರಾಂ ನಿಮ್ಮ ಹತ್ತಿರ ಇದ್ದರೆ ಇದ್ಯಾವುದನ್ನೂ ನೆಚ್ಚಿಕೊಳ್ಳಬೇಡಿ. ಆ ಕಾಲಕ್ಕೆ ಡಾಸ್‌ನಲ್ಲಿ ಕನ್ನಡ ಬರಬೇಕು ಅಂದರೆ ಬಹಳ ಕಡೆ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಮದರ್‌ಬೋರ್ಡಿಗೆ ಸಿಕ್ಕಿಸುತ್ತಿದ್ದರು, ಅಕ್ಷರ ಬಿಡಿಸುತ್ತಿದ್ದುದು ಆ ಕಾರ್ಡು. ನಮ್ಮಲ್ಲಿ ರೈತರ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇದ್ದದ್ದರಿಂದ ಬಚಾವಾದೆವು.

ಎರಡು ಮೂರು ಕಂಪ್ಯೂಟರಿನಿಂದ ಒಂದೇ ಡಿಬಿಎಫ್ ಫೈಲಿಗೆ ಬರೆಯುವ ದೊಡ್ಡ ಮಂಡಿಗಳು ಮೊದಲು ವಿಡಾಸ್ ನೋಡಲಿ. ಫೈಲು, ರೆಕಾರ್ಡುಗಳಿಗೆ ಬೀಗ ಹಾಕುವ ಕೆಲಸ ಅದಕ್ಕೆ ಮೊದಲಿನಿಂದಲೂ ಬರುತ್ತದೆ. ಪ್ರೋಗ್ರಾಂ ಡಾಸ್‌ನದ್ದಲ್ಲ, ವಿಂಡೋಸ್ 98 ಅಥವಾ ಎಕ್ಸ್‌ಪಿ ಕಾಲದ್ದು, ಹೊಸ ವಿಂಡೋಸ್‌ನಲ್ಲಿ ಜಪ್ಪಯ್ಯ ಅಂದರೂ ಏಳುವುದಿಲ್ಲ ಅನ್ನುವವರಿಗೆ ವರ್ಚುವಲ್‌ಬಾಕ್ಸೇ ಗತಿ, ಲೈಸನ್ಸ್ ಸರಿಯಾಗಿದ್ದರೆ. ಒಂದೇ ಕೌಂಟರ್, ಒಂದೇ ಪ್ರಿಂಟರ್, ಖರ್ಚು ಮಾಡಲು ಮನಸ್ಸಿಲ್ಲದ ಮಾವ ಇರುವವರು ಡಾಸ್‌ಬಾಕ್ಸ್-ಎಕ್ಸ್ ಹಾಕಿಕೊಳ್ಳಿ. ಸಂಜೆ ಕೌಂಟರ್ ಮುಚ್ಚುವಾಗ ಪ್ರೋಗ್ರಾಂನಿಂದ ಹೊರಬಂದ ಮೇಲೆಯೇ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ, ತೆರೆದಿರುವಾಗ ಮಾಡಿದ ಕಾಪಿಯಲ್ಲಿ ಆ ದಿನದ ಕೊನೆಯ ಪಟ್ಟಿಗಳು ಇರದೇ ಹೋಗಬಹುದು.